ಕೋಟು ತೊಟ್ಟ ಮಾವ

ಫೋಟೋ ಸ್ಟುಡಿಯೋದವನಿಗೆ ಬೀದಿಯವರು ನುಣುಪಣ್ಣ ಎಂದು ಹೆಸರಿಟ್ಟಿದ್ದರು. ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಮಚ್ಚೆ, ಮೊಡವೆ, ಸುಕ್ಕು ಹೊತ್ತು ಒಳಗೆ ಹೋದ ಮುಖ ಅವುಗಳ ಸಮೇತ ಹೊರಗೆ ಬಂದದ್ದೇ ಇಲ್ಲ. ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡ ಮೇಲಂತೂ ಅವನನ್ನು ಹಿಡಿಯುವವರಿರಲಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಎದುರಂಗಡಿ ದರ್ಜಿಯ ಬೋಳುತಲೆಗೆ ಕೂದಲು ಬೆಳೆಸುವುದು, ನಾದಿನಿಯನ್ನು ಹಿಮದ ಬೆಟ್ಟದ ಮೇಲೆ ನಿಲ್ಲಿಸುವುದು, ಇದೇ ಆಟ.

"ನಮ್ಮ ಮದುವೆ ಫೋಟೋನೂ ಬಿಡಲಿಲ್ವಲ್ರೀ," ಎನ್ನುತ್ತಿದ್ದಳು ಹೆಂಡತಿ. "ಗೋಡೆ ನೋಡಿದ್ರೆ ಸವತಿ ನೋಡ್ದಂಗಾಗುತ್ತೆ."

ಅವನು ನಗುತ್ತಿದ್ದ. ಒಂದು ಅಭ್ಯಾಸ ಮಾತ್ರ ಅವಳಿಗೆ ಸರಿ ಬರುತ್ತಿರಲಿಲ್ಲ. ತಿದ್ದಿ ಮುಗಿಸಿದ ಮೇಲೆ ಅವನು ಮೂಲ ಫೋಟೋವನ್ನು ಉಳಿಸಿಕೊಳ್ಳುತ್ತಿರಲಿಲ್ಲ. "ಅಷ್ಟು ಚಂದ ಮಾಡಿದ ಮೇಲೆ ಹಳೇ ಮೋರೆ ಇಟ್ಕೊಂಡು ಏನು ಮಾಡ್ಲಿ?"

ಒಂದು ಬೆಳಿಗ್ಗೆ ಹಿಂದಿನ ಬೀದಿಯ ಸೊಸೆಯೊಬ್ಬಳು ಓಡಿಬಂದಳು. ಚಪ್ಪಲಿ ಕೂಡ ಜೋಡಿಯದಲ್ಲ.

"ಅಣ್ಣಾ, ನಮ್ಮ ಮಾವ ನಿನ್ನೆಯಿಂದ ಕಾಣ್ತಿಲ್ಲ. ಮರೆವು ಜಾಸ್ತಿ ಆಗಿತ್ತು. ಪೊಲೀಸ್ರಿಗೆ ಹೇಳಿದ್ವಿ, ಪೋಸ್ಟರ್ ಹಚ್ಚಿ ಅಂದ್ರು. ಮನೇಲಿ ಒಂದು ಫೋಟೋನೂ ಇಲ್ಲ. ಫೋನ್ ಎತ್ತಿದ್ರೆ ಸಾಕು, ಮುಖ ತಿರುಗಿಸ್ಬಿಡ್ತಾರೆ. ಹೋದ ತಿಂಗಳು ಪಿಂಚಣಿಗೆ ಅಂತ ನಿಮ್ಮ ಹತ್ರ ತೆಗೆಸಿದ್ದೇ ಒಂದು."

ನುಣುಪಣ್ಣ ಹುಡುಕಿ ತೆರೆದ. ಪರದೆಯ ಮೇಲೆ ಕೋಟು, ಟೈ ತೊಟ್ಟ ಹಿರಿಯರೊಬ್ಬರು ಮೂಡಿದರು. ಕೋಟು ಅವನದೇ ಕಂಪ್ಯೂಟರಿನದು. ಊರಿನ ಅರ್ಧ ಗಂಡಸರು ಅದನ್ನೇ ತೊಟ್ಟಿದ್ದರು. ಸೊಸೆ ಪರದೆಯ ಹತ್ತಿರ ಬಗ್ಗಿದಳು.

"ಮಾವನ ಕೆನ್ನೆ ಮೇಲೆ ಸುಟ್ಟ ಕಲೆ ಇದೆಯಲ್ಲಣ್ಣಾ. ಎಡಗಣ್ಣಿನ ರೆಪ್ಪೆನೂ ಜೋತುಬಿದ್ದಿದೆ. ಇಲ್ಲಿ ಎರಡೂ ಇಲ್ಲ."

"ಅದನ್ನೆಲ್ಲ ತೆಗೆದೆನಮ್ಮ. ಬಿಡು, ಚೆನ್ನಾಗಿ ಕಂಡ್ರೆ ನಾಲ್ಕು ಜನ ನಿಂತು ನೋಡ್ತಾರೆ."

"ಕೆಳಗಾದ್ರೂ ಬರೀರಿ, ಕೆನ್ನೆ ಮೇಲೆ ಕಲೆ ಅಂತ."

ಅವನು ಬರೆದ. ಬರೆದು ನೋಡಿದ. ಮೇಲೆ ಕನ್ನಡಿಯಂಥ ಕೆನ್ನೆ, ಕೆಳಗೆ ಕಲೆಯ ಮಾತು. ತನ್ನ ಕೆಲಸಕ್ಕೆ ತಾನೇ ತಪ್ಪು ಹಿಡಿದ ಹಾಗಿತ್ತು. "ಫೋಟೋದಲ್ಲಿ ಇಲ್ಲದ್ದನ್ನ ಬರೆದ್ರೆ ಜನಕ್ಕೆ ಗೊಂದಲ ಆಗುತ್ತಮ್ಮ," ಎಂದು ಆ ಸಾಲನ್ನು ಅಳಿಸಿದ. ಅವಳು ತಲೆಯಾಡಿಸಿದಳು. ಇವನಿಗೆ ಗೊತ್ತಿರುತ್ತದೆ ಅಂದುಕೊಂಡಳೋ ಏನೋ.

ಪೋಸ್ಟರುಗಳಿಗೆ ಅವನು ದುಡ್ಡು ಮುಟ್ಟಲಿಲ್ಲ. "ನೀವು ಆಸ್ಪತ್ರೆ ಕಡೆ ಹುಡುಕಿ, ಹಚ್ಚೋದು ನನಗಿರಲಿ" ಎಂದು ಸುರುಳಿ ಕಂಕುಳಿಗೆ ಸಿಕ್ಕಿಸಿಕೊಂಡು, ಅಂಟಿನ ಡಬ್ಬ ಹಿಡಿದು ತಾನೇ ಹೊರಟ. ಒಳ್ಳೆಯವನೇ, ಯಾರ ಮನೆಯ ಕಷ್ಟಕ್ಕೂ ಕಾಲು ಹಿಂದೆಗೆದವನಲ್ಲ.

ಮಾರುಕಟ್ಟೆ, ಅಂಚೆ ಕಚೇರಿ ಮುಗಿಸಿ ಬಸ್ ನಿಲ್ದಾಣಕ್ಕೆ ಬರುವ ಹೊತ್ತಿಗೆ ಗಾಳಿ ಎದ್ದಿತ್ತು. ಗೋಡೆಗೆ ಹಚ್ಚಿದ ಹಾಳೆ ನಿಲ್ಲಲೊಲ್ಲದು. ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕ ಕುಳಿತಿದ್ದ. ಕೊಳೆಯಾದ ಅಂಗಿ, ಮಣ್ಣು ಮೆತ್ತಿದ ಕಾಲು.

"ಅಜ್ಜಾ, ಈ ಮೂಲೆ ಸ್ವಲ್ಪ ಹಿಡ್ಕೋ ಮಾರಾಯ."

ಮುದುಕ ಎದ್ದು ಅಂಗೈಯಿಟ್ಟು ಒತ್ತಿ ಹಿಡಿದ. ಪೋಸ್ಟರಿನವನನ್ನು ಮೇಲಿನಿಂದ ಕೆಳಗೆ ನೋಡಿದ.

"ಯಾರಪ್ಪಾ ಇವನು, ಸಾಹೇಬ?"

"ಕಳೆದುಹೋಗಿದ್ದಾರೆ."

"ಕೋಟು ಹಾಕ್ಕೊಂಡು ಕಳೆದುಹೋಗೋಕೆ ಏನು ಬಂದಿತ್ತು ಇವನಿಗೆ?"

ನುಣುಪಣ್ಣ ಜೋರಾಗಿ ನಕ್ಕ. ಕೆಲಸ ಆಯಿತೆಂದು ಸೊಸೆಗೆ ತೋರಿಸಲು ಮುದುಕ ಮೂಲೆ ಹಿಡಿದಿದ್ದಂತೆಯೇ ಗೋಡೆಯ ಫೋಟೋ ಒಂದನ್ನು ಫೋನಿನಲ್ಲಿ ತೆಗೆದು, ತಿದ್ದದೆ ಹಾಗೇ ಕಳಿಸಿದ. ಮುದುಕನಿಗೊಂದು ಬನ್ನು ಕೊಡಿಸಿ ಮುಂದಿನ ಬೀದಿಗೆ ನಡೆದ.

ಅಂಟಿನ ಕೈ ಇನ್ನೂ ಒಣಗಿರಲಿಲ್ಲ, ಫೋನ್ ಬಂತು. ಸೊಸೆಯ ಉಸಿರು ಮೊದಲು ಕೇಳಿಸಿತು, ಆಮೇಲೆ ಮಾತು.

"ಅಣ್ಣಾ! ಆ ಪೋಸ್ಟರ್ ಹಿಡ್ಕೊಂಡಿರೋರೇ ನಮ್ಮ ಮಾವ!"

ಅವನು ಫೋಟೋ ತೆರೆದು ಬೆರಳಿನಿಂದ ಹಿಗ್ಗಿಸಿದ. ಕೆನ್ನೆಯಿಂದ ತುಟಿಯವರೆಗೆ ಕಲೆ. ಜೋತುಬಿದ್ದ ರೆಪ್ಪೆ. ನಿಜವಾದ ಮುಖವನ್ನು ಅವನು ಕ್ಯಾಮೆರಾ ಹಿಂದಿನಿಂದ ಒಂದು ಗಳಿಗೆ ನೋಡಿದ್ದ, ಅಷ್ಟೆ. ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದು ತಾನು ಮಾಡಿದ ಮುಖವನ್ನು. ನೆನಪಿದ್ದದ್ದೂ ಅದೇ. ಡಬ್ಬವನ್ನು ಅಲ್ಲೇ ಬಿಟ್ಟು ಓಡಿದ.

ಬೆಂಚು ಖಾಲಿ. ಬನ್ನಿನ ಕಾಗದ ಮಾತ್ರ ಇತ್ತು. ಸಿಕ್ಕಿದ ಕಂಡಕ್ಟರನ ಮುಂದೆ, ಗೋಡೆಯ ಕಡೆ ಕೈ ತೋರಿಸಹೋಗಿ, ಆ ಕೈಯನ್ನು ಕೆಳಗಿಳಿಸಿ, ಫೋನ್ ಚಾಚಿದ.

"ಇವ್ರನ್ನ ನೋಡಿದ್ರಾ?"

"ಸುಟ್ಟ ಕೆನ್ನೆಯವ್ರಾ? ಅಗೋ, ಆ ಬಸ್ ಹತ್ತಿದ್ರು. ನಿನ್ನೆಯಿಂದ ಇಲ್ಲೇ ಇದ್ರಲ್ಲ. ಪೋಸ್ಟರ್ ಹಚ್ಚೋ ಬದ್ಲು ಇದನ್ನ ತೋರಿಸಿದ್ರೆ ಆಗ್ತಿತ್ತಪ್ಪ."

ಬಸ್ಸು ಹೊರಡುತ್ತಿತ್ತು. ನುಣುಪಣ್ಣ ಅಡ್ಡ ನಿಂತು ಎರಡೂ ಕೈ ಎತ್ತಿದ. ಡ್ರೈವರ್ ಬೈದದ್ದಕ್ಕೆ ಲೆಕ್ಕವಿಲ್ಲ. ಕಿಟಕಿಯ ಪಕ್ಕ ಕುಳಿತಿದ್ದ ಮುದುಕ ಅವನನ್ನು ನೋಡಿ, "ಬಂದ್ಯಾ? ಇನ್ನೊಂದು ಮೂಲೆ ಹಿಡೀಬೇಕಾ?" ಎಂದ.

ಮಗ, ಸೊಸೆ ಆಟೋದಲ್ಲಿ ಬಂದಿಳಿದರು. ಮಗ ಅಪ್ಪನನ್ನು ಅಪ್ಪಿಕೊಂಡು, ಆಮೇಲೆ ನುಣುಪಣ್ಣನ ಎರಡೂ ಕೈ ಹಿಡಿದ. "ನಿಮ್ಮ ಪೋಸ್ಟರಿನಿಂದ ಅಪ್ಪ ಸಿಕ್ಕಿದ್ರು ಅಣ್ಣಾ. ನಿಮ್ಮ ಋಣ ತೀರಿಸೋಕಾಗಲ್ಲ." ನಿಂತ ಜನ, "ಇಂಥವ್ರು ಇರ್ಬೇಕು" ಎಂದರು. ಸೊಸೆ ಮಾವನ ಕೆನ್ನೆಯ ಮಣ್ಣನ್ನು, ಆ ಕಲೆಯ ಮೇಲಿನದನ್ನು, ಸೆರಗಿನಿಂದ ಒರೆಸುತ್ತ ಒಮ್ಮೆ ನುಣುಪಣ್ಣನ ಕಡೆ ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು. ಅವನು ಹೊಗಳಿಕೆಯನ್ನೆಲ್ಲ ತಲೆತಗ್ಗಿಸಿ ತೆಗೆದುಕೊಂಡ; ಜನ ಅದನ್ನು ವಿನಯ ಎಂದುಕೊಂಡರು.

ಆಟೋ ಹೋದ ಮೇಲೆ ಅವನು ಗೋಡೆಯ ಮುಂದೆ ನಿಂತು ಪೋಸ್ಟರ್ ಕೆರೆಯತೊಡಗಿದ. ಅಂಟು ಗಟ್ಟಿಯಾಗಿ ಹಿಡಿದಿತ್ತು. ಉಗುರಿಗೆ ಟೈ ಬಂತು, ಕೋಟು ಬಂತು, ಮುಖ ಮಾತ್ರ ಬರಲಿಲ್ಲ. ಬಾಟಲಿಯ ನೀರು ಸುರಿದು ಉಜ್ಜಿದ.

ಹಿಂದಿನಿಂದ ಹೂ ಮಾರುವವಳೊಬ್ಬಳು ಕೇಳಿದಳು, "ಏನಣ್ಣಾ, ಸಿಕ್ಕಿದ್ನಾ ಆ ಕೋಟಿನವನು?"

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ನುಣುಪಣ್ಣ ಉಜ್ಜುವುದನ್ನು ನಿಲ್ಲಿಸಿದ.

"ಇಲ್ಲಮ್ಮ. ಅಂಥವನೊಬ್ಬ ಇರಲೇ ಇಲ್ಲ. ನಾನೇ ಮಾಡಿದ್ದು."