ಹಳೇ ಸ್ಪೀಕರಿನ ಪರೀಕ್ಷೆ

ಆ ಸ್ಪೀಕರುಗಳನ್ನು ಕಂಡರೆ ಪ್ರಫುಲ್ಲಾಗೆ ಮೈ ಉರಿಯುತ್ತಿತ್ತು. ಗೋರೆಗಾಂವ್‌ನ ಪುಟ್ಟ ಹಾಲಿನಲ್ಲಿ ಸೊಂಟದೆತ್ತರದ ಎರಡು ಮರದ ಪೆಟ್ಟಿಗೆ, ನಡುವೆ ಎತ್ತಲಾಗದಷ್ಟು ಭಾರದ ಆಂಪ್ಲಿಫೈಯರು. ಇಪ್ಪತ್ತೆಂಟು ವರ್ಷದ ಹಿಂದೆ ಪರೇಲಿನಲ್ಲಿ ಯಾರೋ ಮಿಲ್ಲಿನ ಆಫೀಸರು ಮನೆ ಖಾಲಿ ಮಾಡುವಾಗ ಗಂಡ ಮೋನಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಅಂದಿನಿಂದ ಕಸ ಗುಡಿಸಲಿಕ್ಕೆ ಬಗ್ಗಿದಾಗಲೆಲ್ಲ ಅವುಗಳ ಮೂಲೆ ಅವಳ ಮೊಣಕಾಲಿಗೆ ಬಡಿಯುತ್ತಲೇ ಇದೆ. ಒಳಗೆ ಜಿರಳೆಗಳು ಸಂಸಾರ ಹೂಡಿವೆ. ವರ್ಷಕ್ಕೆರಡು ಸಲ ಕೆಡುತ್ತದೆ, ಟ್ಯಾಕ್ಸಿಯಲ್ಲಿ ಕೂತು ರಿಪೇರಿಗೆ ಹೋಗಿಬರುತ್ತದೆ. ಅಂಥ ಉಪಚಾರ ಅವಳ ಬಾಣಂತನಕ್ಕೂ ಆಗಿರಲಿಲ್ಲ.

ಈಗ ಮಗಳು ಯಕ್ಷಿತಾ ತನ್ನ ಸಂಬಳದಲ್ಲಿ ಹೊಸ ಸೌಂಡ್‌ಬಾರ್ ತಂದಿದ್ದಳು. ಲಟ್ಟಣಿಗೆಗಿಂತ ತುಸು ಉದ್ದ. ಗೋಡೆಗೆ ಅಂಟಿಕೊಂಡಿರುತ್ತದೆ, ಗುಡಿಸುವವರ ದಾರಿಗೆ ಬರುವುದಿಲ್ಲ. ಹಳೆಯದನ್ನು ಎಕ್ಸ್‌ಚೇಂಜಿಗೆ ಒಯ್ಯುವವನು ನಾಲ್ಕು ಗಂಟೆಗೆ ಬರುವವನಿದ್ದ. ಪ್ರಫುಲ್ಲಾ ಬೆಳಗಿನಿಂದ ಗಡಿಯಾರ ನೋಡುತ್ತಿದ್ದಳು.

ಮೂರೂವರೆಗೆ ಮೋನಪ್ಪ ಅಡ್ಡ ನಿಂತರು.

"ಈ ಹೊಸತಕ್ಕೆ ಸ್ವರವೇ ಇಲ್ಲ ಮಾರಾಯ್ತಿ. ಬರೀ ಗುಸುಗುಸು. ನಮ್ಮದಾದರೆ ಎದೆಗೆ ಬಂದು ತಾಗ್ತದೆ."

"ಹೌದು, ಕೆಳಗಿನ ಮನೆಯ ಶುಭಾಂಗಿಯ ಎದೆಗೂ ತಾಗ್ತದೆ. ಸೊಸೈಟಿ ಗ್ರೂಪಿನಲ್ಲಿ ವಾರಕ್ಕೊಂದು ಕಂಪ್ಲೇಂಟ್ ಹಾಕ್ತಾಳೆ!"

"ಈಗಿನ ಸಾಮಾನೆಲ್ಲ ಹೀಗೆಯೇ. ಫೋನಿಗೂ ಸ್ವರ ಇಲ್ಲ, ಟೀವಿಗೂ ಇಲ್ಲ."

ಇದನ್ನೇ ಕೇಳಿ ಕೇಳಿ ಅವಳ ತಲೆ ಚಿಟ್ಟುಹಿಡಿದಿತ್ತು. ಯಕ್ಷಿತಾ ಅಪ್ಪನ ಎದುರು ನಿಂತು ಕೆಣಕಿದಳು: "ಪಪ್ಪಾ, ಯೇ ಸಬ್ ವಹಮ್ ಹೈ, ಬರೀ ಭ್ರಮೆ. ಕಣ್ಣು ಬಂದ್ ಮಾಡಿದ್ರೆ ನಿಮಗೆ ಡಿಫರೆನ್ಸ್ ಗೊತ್ತೇ ಆಗೂದಿಲ್ಲ."

ಅಷ್ಟು ಸಾಕಾಯಿತು. ಮೋನಪ್ಪ ಹದಿನಾರರ ವಯಸ್ಸಿನಲ್ಲಿ ಪರೇಲಿನ ಹೋಟೆಲೊಂದರ ಗ್ರೈಂಡರ್ ಕೋಣೆ ಸೇರಿ, ಹನ್ನೆರಡು ವರ್ಷ ಅದರ ಗಡಗಡದ ಪಕ್ಕದಲ್ಲೇ ಹಿಟ್ಟು ರುಬ್ಬಿ, ಆಮೇಲೆ ಮ್ಯಾನೇಜರ್ ಆದವರು. ಅಲ್ಲಿ ದಿನಾ ಬೆಳಗ್ಗೆ ಸಾಂಬಾರಿನ ಪರೀಕ್ಷೆ ನಡೆಯುತ್ತಿತ್ತು. ಕಣ್ಣಿಗೆ ಟವೆಲು ಕಟ್ಟಿ ಎರಡು ಚಮಚ ಬಾಯಿಗಿಟ್ಟರೆ, ಯಾವುದು ಯಾವ ಭಟ್ಟರ ಕೈಯದು ಎಂದು ಹೇಳಬೇಕು. ತಾನು ಒಮ್ಮೆಯೂ ತಪ್ಪಿದ್ದಿಲ್ಲ ಎಂದು ಮೋನಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು.

"ಟವೆಲು ತಾ," ಎಂದರು. "ತಪ್ಪಿದರೆ ಅವನು ಕೊಂಡುಹೋಗಲಿ. ಸರಿಯಾದರೆ ಇದು ಇಲ್ಲಿಯೇ."

ಕಣ್ಣು ಕಟ್ಟಿಕೊಂಡು ದಿವಾನದ ಅಂಚಿನಲ್ಲಿ ಕುಳಿತರು. ಯಕ್ಷಿತಾ ಫೋನಿನಿಂದ ಒಂದೇ ಹಾಡನ್ನು ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ ಹಾಕುವುದು, ಶುಭಾಂಗಿಯ ಭಯಕ್ಕೆ ಮೆಲ್ಲಗೆ. ಹಾಡು ಶುರುವಾದಾಗ ಭುಜ ತಟ್ಟುವುದು.

ತಟ್ಟಿದಳು. "ಹಳತು," ಎಂದರು ಮೋನಪ್ಪ. ಮತ್ತೆ ತಟ್ಟಿದಳು. "ಹೊಸತು." ಮತ್ತೊಮ್ಮೆ. "ಹೊಸತೇ. ನನ್ನನ್ನು ಮಂಗ ಮಾಡ್ಬೇಡ." ಇನ್ನೊಮ್ಮೆ. "ಹಳತು." ನಾಲ್ಕಕ್ಕೆ ನಾಲ್ಕೂ ಸರಿ.

"ಕ್ಯಾ ಬಾತ್ ಹೈ ಪಪ್ಪಾ!" ಎಂದು ಮಗಳು ಬೆರಗಾದಳು.

ಪ್ರಫುಲ್ಲಾಗೆ ಅಳುವೇ ಬಂತು. ಸಾಯುವವರೆಗೂ ಈ ಪೆಟ್ಟಿಗೆಗಳ ಸುತ್ತ ಗುಡಿಸುವುದೇ ತನ್ನ ಹಣೆಬರಹ ಎಂದುಕೊಳ್ಳುವಾಗ ಕಣ್ಣು ಗಂಡನ ಬರಿಗಾಲಿನ ಮೇಲೆ ಬಿತ್ತು. ಮಗಳು ಮತ್ತೂ ಒಮ್ಮೆ ಹಾಡು ಹಾಕಿ ಭುಜ ತಟ್ಟಿದೊಡನೆ ಬೆರಳುಗಳು ಅಗಲವಾಗಿ ಟೈಲ್ಸಿಗೆ ಒತ್ತಿಕೊಂಡವು. ಹಳೆಯದು ಹಾಡಿದರೆ ನೆಲ ಸಣ್ಣಗೆ ನಡುಗುತ್ತದೆ. ಹೊಸದಕ್ಕೆ ನಡುಗುವುದಿಲ್ಲ.

ಮೋಸ! ಹಾಡುಹಗಲೇ ಮೋಸ! ಅವಳು ಸರಸರ ಹೋಗಿ ಅವರ ಎರಡೂ ಕಾಲು ಹಿಡಿದೆತ್ತಿ ದಿವಾನದ ಮೇಲೆ ಹಾಕಿದಳು.

"ಎಂತ ಮಾರಾಯ್ತಿ?"

"ಈಗ ಹೇಳಿ ನೋಡುವ, ದೊಡ್ಡ ಜಾಣರು!" ಮಗಳ ಕೈಯಿಂದ ಫೋನು ಕಿತ್ತು ಹಳೆಯದರಲ್ಲೇ ಹಾಡು ಹಾಕಿದಳು. ಸಿಟ್ಟಿನಲ್ಲಿ ಭುಜ ತಟ್ಟುವುದು ನೆನಪಾಗಲಿಲ್ಲ.

ಪಲ್ಲವಿ ಮುಗಿಯಿತು. ಚರಣವೂ ಅರ್ಧವಾಯಿತು. ಮೋನಪ್ಪ ಮುಖ ಮೇಲೆತ್ತಿ, ಗೆದ್ದವರ ನಗು ಬೀರುತ್ತ ಕಾಯುತ್ತಿದ್ದರು.

"ಹಾಕು ಮಾರಾಯ್ತಿ," ಎಂದರು ಕಡೆಗೆ. "ಎಷ್ಟು ಹೊತ್ತು ಕೂರುದು?"

ಯಕ್ಷಿತಾ ನಕ್ಕಳು. ನಗು ಅರ್ಧಕ್ಕೆ ನಿಲ್ಲಿಸಿ ಅಮ್ಮನನ್ನು ನೋಡಿದಳು.

"ನಿಮಗೆ ಕೇಳ್ತಾ ಇಲ್ವಾ?" ಎಂದಳು ಪ್ರಫುಲ್ಲಾ, ಅಡುಗೆಮನೆಯಿಂದ ದಿನಾ ಮಾತಾಡುವ ಸ್ವರದಲ್ಲಿ.

"ಆಯ್ತು," ಎಂದರು ಮೋನಪ್ಪ.

ಆ "ಆಯ್ತು" ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋದ ತಿಂಗಳು, ಒಲೆಯಿಂದ ಮುಖ ತಿರುಗಿಸುವ ಧೈರ್ಯವಿಲ್ಲದೆ, ಎದೆಯಲ್ಲೊಂದು ಗಂಟು ಕೈಗೆ ಸಿಗ್ತದೆ ಎಂದು ಅವಳು ಹೇಳಿದಾಗಲೂ ಅವರು "ಆಯ್ತು" ಎಂದು ಪೇಪರು ಮಗುಚಿದ್ದರು. ಅವಳು ಒಬ್ಬಳೇ ಲೋಕಲ್ ಟ್ರೇನು ಹಿಡಿದು ಪರೇಲಿನ ಆಸ್ಪತ್ರೆಗೆ ಹೋಗಿ, ಸೂಜಿ ಚುಚ್ಚಿಸಿಕೊಂಡು, ಭಯಪಡುವಂಥದ್ದೇನಿಲ್ಲ ಎಂಬ ರಿಪೋರ್ಟು ತಂದು ಕಪಾಟಿನ ಸೀರೆಗಳ ಅಡಿಗಿಟ್ಟಿದ್ದಳು. ಇಂಥ ಕಲ್ಲುಮನಸ್ಸಿನವನ ಜೊತೆ ಬಾಳುವುದು ಹೇಗೆಂದು ಅಂದಿನಿಂದ ಪಾತ್ರೆ ಕುಕ್ಕಿದ್ದೇ ಕುಕ್ಕಿದ್ದು. ಆ ಸಿಟ್ಟನ್ನೆಲ್ಲ ಈಗ ಎಲ್ಲಿಗೆ ಒಯ್ಯುವುದು?

ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಯಕ್ಷಿತಾ ತೆಗೆದುಕೊಂಡು ಮೆಲ್ಲಗೆ ಹೇಳಿದಳು: "ಎಕ್ಸ್‌ಚೇಂಜ್‌ವಾಲಾ. ಗೇಟ್ ಹತ್ರ ಇದ್ದಾನಂತೆ."

"ಹೋಗ್ಲಿಕ್ಕೆ ಹೇಳು," ಎಂದಳು ಪ್ರಫುಲ್ಲಾ.

ಟವೆಲು ಬಿಚ್ಚಿದಳು. ಗಂಡನ ಗಲ್ಲ ಹಿಡಿದು, ಮುಖವನ್ನು ತನ್ನ ಬಾಯಿಯ ಕಡೆಗೆ ತಿರುಗಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದಳು. ಗಂಟು. ಆಸ್ಪತ್ರೆ. ಸೂಜಿ. ಈಗ ಭಯ ಇಲ್ಲ.

ಮೋನಪ್ಪನವರ ಮುಖ ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. ಕೆಳಗಿನ ಮನೆಗೂ ಕೇಳುವ ಹಾಗೆ ಕೂಗಿದರು:

"ಒಬ್ಬಳೇ ಹೋದದ್ದಾ ನೀನು? ನಂಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?"