ಕೆಳಗಿಂದ ಐದು ಗುಂಡಿ

ಗುಂಡಿ ತಣ್ಣಗಿದೆ, ಅಥವಾ ನನ್ನ ಬೆರಳೋ, ಕೆಳಗಿನದು ಮೊದಲು, ಅಕ್ಕ ಹೇಳಿಕೊಟ್ಟದ್ದೇ ಹಾಗೆ, ಕೆಳಗಿಂದ ಹಾಕೇ, ದರ್ಜಿಯ ತಂಗಿಯಾಗಿ ಮೇಲಿಂದ ಹಾಕ್ತೀಯಲ್ಲ, ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋದಾಗಿನ ಮಾತು, ಕೈ ಹೋದರೂ ಬಾಯಿ ಹೋಗಲಿಲ್ಲ ಎಂದು ಡಾಕ್ಟರೂ ನಕ್ಕಿದ್ದರು — ಈಗ ಆ ಕೈ ಅವಳ ಮಡಿಲಲ್ಲಿ ಅಂಗಾತ ಬಿದ್ದಿದೆ, ಯಾರೋ ಮರೆತುಹೋದ ಚೀಲದ ಹಾಗೆ, ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತದೆ. ಎರಡನೆಯದು. ಇವತ್ತು ಔಷಧಿ ಅಂಗಡಿ ಇನ್ನೂ ತೆರೆದಿರಲಿಲ್ಲ, ಬೇಗ ವಾಪಸ್ ಬಂದೆ, ಬಾಗಿಲ ಸಂದಿಯಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು ಇದೇ ಕೈಯಿಂದ ಇದೇ ರವಿಕೆಯ ಐದೂ ಗುಂಡಿ ಹಾಕಿಕೊಳ್ಳುತ್ತಿದ್ದಳು, ಸರಸರ, ನೋಡದೆಯೇ, ಆ ಸರಾಗ ಒಂದು ದಿನದ್ದಲ್ಲ, ತಿಂಗಳುಗಳದ್ದು, ಆದರೂ ಎದೆ ಹಾರಿದ್ದು ಖುಷಿಗೇ, ಸುಳ್ಳು ಹೇಳಲಾರೆ, ಕೂಗಬೇಕು ಅನ್ನುವಷ್ಟರಲ್ಲಿ ನನ್ನ ಚಪ್ಪಲಿ ಸದ್ದಾಯಿತು, ಅವಳು ತಿರುಗಲಿಲ್ಲ, ಕೈ ಮಾತ್ರ ಮತ್ತೆ ಕತ್ತಿನ ಹತ್ತಿರ ಹೋಯಿತು, ಮೇಲಿನ ಗುಂಡಿ ಬಿಚ್ಚಿತು, ಅದರ ಕೆಳಗಿನದು, ಐದೂ, ಆಮೇಲೆ ಮಡಿಲಿಗೆ ಬಿದ್ದು ಸತ್ತುಹೋಯಿತು, ಬಂದ್ಯಾ, ಎಷ್ಟ್ ಹೊತ್ತೇ, ಚಳೀಲಿ ಹೀಗೇ ಕೂತಿದೀನಿ, ಅಂದಳು. ಹೋದ ತಿಂಗಳು ನನ್ನ ಮಗಳ ಹೆರಿಗೆ, ಅಮ್ಮ ನೀನು ಬರ್ಲೇಬೇಕು ಅಂತ ಫೋನಿನಲ್ಲಿ ಅತ್ತಳು, ನಾನು ಅಕ್ಕನ ಮುಖ ನೋಡಿದೆ, ಹೋಗೇ, ನನಗೇನು, ರವಿಕೆ ಬಿಚ್ಕೊಂಡೇ ಕೂತಿರ್ತೀನಿ, ಈ ಮುದುಕೀನ ಯಾರ್ ನೋಡ್ತಾರೆ, ಅಂದಳು, ಇಬ್ಬರೂ ನಕ್ಕೆವು, ನಾನು ಹೋಗಲಿಲ್ಲ, ಮೊಮ್ಮಗಳ ಮುಖ ಫೋಟೋದಲ್ಲೇ ನೋಡಿದೆ. ಮೂರನೆಯದು. ಪಾಪ, ಎಷ್ಟು ಕಷ್ಟ ನಿಮಗೆ ಅನ್ನುತ್ತಾರೆ ಪಕ್ಕದ ಮನೆಯವರು, ಕಷ್ಟ ಅಲ್ಲ ಎಂದು ಯಾರಿಗೂ ಹೇಳಿಲ್ಲ, ಹೇಳಿದರೆ ನಗುತ್ತಾರೆ, ಐವತ್ತು ವರ್ಷ ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಹೂಂ ಬಿಟ್ಟರೆ ಮಾತಿಲ್ಲದ ಅಕ್ಕ, ನಾನು ಗುಂಡಿ ಹಾಕಲು ಕೂತರೆ ಸಾಕು, ಮಾತು, ನಗು, ಪಕ್ಕದಲ್ಲಿ ಕಾಫಿ ಆರುತ್ತದೆ, ಒಂದು ದಿನ ಹೀಗೇ ಮೂರನೇ ಗುಂಡಿಯ ಹತ್ತಿರ, ನಿನ್ನ ಸ್ಕೂಲು ಬಿಡಿಸಿದ್ದು ಅಪ್ಪ ಅಲ್ಲ ಕಣೇ, ನಾನು, ಗುಂಡಿ ತೂತಿಗೆ ಕಾಜಾ ಹೊಲಿಯೋಕೆ ಇನ್ನೊಂದು ಕೈ ಬೇಕಿತ್ತು, ತಪ್ಪಾಯ್ತು, ಅಂದಳು, ಐವತ್ತು ವರ್ಷ ಕಾದಿದ್ದೆ ಆ ಮಾತಿಗೆ, ಕಾಯುತ್ತಿದ್ದೇನೆ ಎಂದೇ ಗೊತ್ತಿರಲಿಲ್ಲ, ಅವಳ ಎದೆಗೆ ಹಣೆ ಇಟ್ಟು ಅತ್ತೆ — ಆಗಲೂ ಈ ಕೈಗೆ ಜೀವ ಇತ್ತೇ, ನನ್ನ ತಲೆ ಸವರಬಹುದಿತ್ತು, ಸವರಲಿಲ್ಲ, ಮಡಿಲಲ್ಲಿ ಸುಮ್ಮನೆ ಮಲಗಿ ನಟಿಸಿತೇ. ನಾಲ್ಕು. ಅಕ್ಕ, ನಾಳೆ ಮಗು ನೋಡ್ಕೊಂಡು ಬರ್ಲಾ, ಹೋಗಿ ಬಾ, ಅಂದಳು, ಎಡಗೈಯಿಂದ ಬಲಗೈ ಎತ್ತಿ ಮಡಿಲಲ್ಲಿ ಸರಿಯಾಗಿಟ್ಟುಕೊಂಡು, ಗುಂಡಿ ಯಾರೇ ಹಾಕ್ತಾರೆ, ನೀನೇ ಹಾಕ್ಕೋ ಎಂದು ನಾನು ಅನ್ನಬಹುದು, ನಾಲಗೆಯ ತುದಿಯಲ್ಲೇ ಇದೆ, ಅಂದರೆ ನಾಳೆಯಿಂದ ಈ ಬೆಳಗು ಇಲ್ಲ, ಮತ್ತೆ ಹೂಂ, ಅನ್ನದಿದ್ದರೆ ದಿನಾ ಈ ಕೈ ನೋಡುತ್ತ ಕೂರಬೇಕು, ನನಗಾಗಿ ಬಿಚ್ಚಿಕೊಂಡಳೋ, ನನ್ನನ್ನು ಕಟ್ಟಿಹಾಕಲು ಬಿಚ್ಚಿಕೊಂಡಳೋ, ಐದನೆಯದು ಬೆರಳಿನಲ್ಲೇ ನಿಂತಿದೆ, ಕಾಜಾಕ್ಕೆ ಹೋಗುತ್ತಿಲ್ಲ, ಕಣ್ಣ ಮುಂದೆ ಅಕ್ಕನ ಆ ಹೆಬ್ಬೆರಳು, ಮೇಲಿನದು, ಅದರ ಕೆಳಗಿನದು, ಅವಸರವಿಲ್ಲದೆ, ಒತ್ತಿ, ಬಿಚ್ಚಿ, ಅದರ ಕೆಳಗಿನದು