ಒತ್ತಲಾರೆ ಎಂದವಳು

ಹೆರಿಗೆ ವಾರ್ಡಿನ ಆಯಾಳನ್ನು ಎಲ್ಲರೂ ಪೈಲ್ವಾನಮ್ಮ ಎಂದೇ ಕರೆಯುತ್ತಿದ್ದರು. ಹೆರಿಗೆ ತುಸು ತಡವಾದರೆ ಸಾಕು, ಅವಳಿಗೆ ಬುಲಾವ್ ಬರುತ್ತಿತ್ತು. ಸ್ಟೂಲು ಹತ್ತಿ, ಬಸುರಿಯ ಹೊಟ್ಟೆಯ ಮೇಲ್ಭಾಗಕ್ಕೆ ಮೊಣಕೈ ಊರಿ, ಮೈಭಾರವನ್ನೆಲ್ಲ ಬಿಟ್ಟು ನೂಕುತ್ತಿದ್ದಳು. ಮಗು ಹೊರಗೆ ಬರುತ್ತಿತ್ತು. ಆಮೇಲೆ ತಾಯಿಯ ಗತಿ ಏನಾಯಿತೆಂದು ಕೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಒಮ್ಮೆ ಒಬ್ಬಳಿಗೆ ರಕ್ತ ನಿಲ್ಲದೆ ಹೋದಾಗ, ಅವಳ ಹಣೆಬರಹ ಎಂದುಕೊಂಡು ಆಯಾ ನೆಲ ಒರೆಸಿದ್ದಳು.

ಈಗ ಅದೇ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ, ಅವಳ ಒಬ್ಬಳೇ ಮಗಳು ನೋವು ತಿನ್ನುತ್ತಿದ್ದಳು.

“ಅಮ್ಮ ಅಲ್ಲೇ ಇರ್ತಾಳಲ್ಲ, ನಂಗೇನ್ ಭಯ?” ಎಂದು ನಗುತ್ತಲೇ ಬಂದಿದ್ದಳು ಪಾಪ. ಗಂಡನನ್ನು ಬಾಗಿಲಲ್ಲೇ ತಡೆದರು. ನೋವು ಬೇಗ ಬರಲಿ ಎಂದು ಡ್ರಿಪ್ ಹಾಕಿದರು. ಎದ್ದು ಓಡಾಡುತ್ತೇನೆ ಎಂದರೂ ಬಿಡದೆ ಅಂಗಾತ ಮಲಗಿಸಿ, ಕಾಲುಗಳನ್ನು ಪಟ್ಟಿಯಿಂದ ಕಟ್ಟಿದರು. ಒಂದು ಗುಟುಕು ನೀರೂ ಕೊಡಲಿಲ್ಲ.

ಪಕ್ಕದ ಮಂಚದಲ್ಲಿ ಯಾರೋ ಹುಡುಗಿ ಚೀರಿದಳು. ಆಯಾ ಅಭ್ಯಾಸಬಲದಿಂದ ಗದರಿದಳು: “ಏಯ್, ಬಾಯಿ ಮುಚ್ಚೇ! ಊರಲ್ಲಿ ನೀನೊಬ್ಳೇನಾ ಹೆರೋದು?”

ತಿರುಗಿ ನೋಡಿದರೆ, ಮಗಳು ಹೊದಿಕೆಯ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಾಳೆ.

“ಕೂಗ್ಕೋ ಮಗಾ. ನೀನು ಕೂಗ್ಕೋ.”

“ಬೇಡಮ್ಮಾ. ಬೈತೀಯ.”

ಇಷ್ಟು ವರ್ಷದ ತನ್ನ ದನಿಯನ್ನು ಆಯಾ ಆವತ್ತೇ ಕಿವಿಗೊಟ್ಟು ಕೇಳಿಸಿಕೊಂಡಿದ್ದು.

ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಬೆಳಗಿನಿಂದ ಕೂತಿರಲಿಲ್ಲ ಅವರು, ಕಣ್ಣುಗಳು ಕೆಂಪಾಗಿದ್ದವು. “ಇನ್ನೂ ಆಗಿಲ್ವಾ? ಹೊರಗೆ ಮಂಚ ಇಲ್ದೆ ಕಾಯ್ತಿದಾರೆ. ಪೈಲ್ವಾನಮ್ಮಾ, ಹತ್ತು ಸ್ಟೂಲು. ಮಗಳು ಅಂತ ಮೆತ್ತಗೆ ಒತ್ತಬೇಡ ಮತ್ತೆ!”

ಆಯಾ ಸ್ಟೂಲು ಹತ್ತಿದಳು. ಹೊಟ್ಟೆಯ ಮೇಲೆ ಕೈ ಇಟ್ಟಳು. ಒಳಗೆ ಏನೋ ಪುಟ್ಟದೊಂದು ಮಿಸುಕಿತು. ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು.

“ನನ್ನ ಕೈಲಿ ಆಗಲ್ಲ ಮೇಡಂ,” ಎಂದು ಇಳಿದುಬಿಟ್ಟಳು. “ಬೇರೆ ಯಾರಿಗೂ ಒತ್ತೋಕೆ ಬಿಡಲ್ಲ.”

“ಊರವರ ಮಕ್ಕಳಿಗೆಲ್ಲ ಒತ್ತಿದ್ಯಲ್ಲ, ಆಗ?”

ಆಯಾ ಮಗಳ ಕಾಲಿನ ಪಟ್ಟಿ ಬಿಚ್ಚಿದಳು. ಮಂಚ ಹತ್ತಿ, ಮಗಳನ್ನು ಎಬ್ಬಿಸಿ ತನ್ನ ಎದೆಗೆ ಒರಗಿಸಿ ಕೂರಿಸಿಕೊಂಡಳು.

“ಮಗುಗೆ ಏನಾದ್ರೂ ಆದ್ರೆ ನಿನ್ನ ತಲೆಗೇ ಬರುತ್ತೆ, ನೋಡು,” ಎಂದು ಡಾಕ್ಟರಮ್ಮ ಪಕ್ಕದ ಮಂಚಕ್ಕೆ ಹೋದರು.

ಹಾಗೇನಾದರೂ ಆದರೆ? ತಾನೇ ಮಗಳ ಕೂಸನ್ನು ಕೊಲ್ಲುತ್ತಿದ್ದರೆ? ನರ್ಸ್ ಬಗ್ಗಿ ಮಗುವಿನ ಎದೆಬಡಿತ ಕೇಳಿದಾಗಲೆಲ್ಲ ಆಯಾಳ ಉಸಿರು ನಿಲ್ಲುತ್ತಿತ್ತು. “ಇದೆ, ಚೆನ್ನಾಗೇ ಇದೆ,” ಎಂದು ನರ್ಸ್ ಪಿಸುಗುಟ್ಟಿದ ಮೇಲೇ ಜೀವ ಬರುತ್ತಿದ್ದುದು.

ಪಕ್ಕದಲ್ಲಿ ಸ್ಟೂಲು ಎಳೆದ ಸದ್ದಾಯಿತು. ಇನ್ನೊಬ್ಬ ಆಯಾ ಬಂದಿದ್ದಳು.

“ಬೇಡ ಮೇಡಂ! ಅವಳಿಗೂ ಒತ್ತಿಸಬೇಡಿ!” ಎಂದು ಇವಳು ಕೂತಲ್ಲಿಂದಲೇ ಕೂಗಿದಳು. ಯಾರೂ ತಿರುಗಲಿಲ್ಲ. ಮಗಳನ್ನು ಬಿಟ್ಟು ಏಳುವಂತೆಯೂ ಇರಲಿಲ್ಲ. ಆ ಹುಡುಗಿ ಕಿರುಚಿದ ಕಿರುಚಾಟಕ್ಕೆ ಇವಳು ಕಣ್ಣು ಮುಚ್ಚಿಕೊಂಡಳು.

ಮಗಳಿಗೆ ಹೆಣ್ಣು ಹುಟ್ಟಿತು. ಹುಟ್ಟುತ್ತಲೇ ವಾರ್ಡು ಹಾರಿಹೋಗುವಂತೆ ಅತ್ತಿತು. ಪಕ್ಕದ ಮಂಚದ ಹುಡುಗಿಯ ಮಗು ಮಾತ್ರ ಅಳಲಿಲ್ಲ. ನೀಲಿಗಟ್ಟಿದ್ದ ಅದನ್ನು ಎತ್ತಿಕೊಂಡು ನರ್ಸ್ ಮಕ್ಕಳ ವಾರ್ಡಿಗೆ ಓಡಿದಳು.

ಮರುದಿನವೇ ಪೈಲ್ವಾನಮ್ಮನನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಊಟದ ಬಿಡುವು ಸಿಕ್ಕಾಗ ಅವಳು ಆ ಹುಡುಗಿಯ ಮಂಚದ ಬಳಿ ಹೋಗಿ ನಿಲ್ಲುತ್ತಿದ್ದಳು. ಹೆರಿಗೆಯಲ್ಲಿ ಕೆಳಗೆಲ್ಲ ಹರಿದು ಹೊಲಿಗೆ ಬಿದ್ದಿದ್ದರಿಂದ ಹುಡುಗಿಗೆ ಕೂರಲೂ ಆಗುತ್ತಿರಲಿಲ್ಲ. ಇವಳನ್ನು ಕಂಡರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಆಯಾ ನೀರಿಟ್ಟು ಬರುತ್ತಿದ್ದಳು.

ಒಂದು ದಿನ ಹುಡುಗಿ ಗೋಡೆಯ ಕಡೆಯಿಂದಲೇ ಕೇಳಿದಳು: “ನನ್ನ ಮಗು ಉಳಿಯುತ್ತಾ?”

“ಗೊತ್ತಿಲ್ಲ ಕಣಮ್ಮಾ. ಇವತ್ತು ಒಂದಿಷ್ಟು ಹಾಲು ಚೀಪ್ತಂತೆ.”

ಹುಡುಗಿ ನಿಧಾನಕ್ಕೆ ಈ ಕಡೆ ಹೊರಳಿ, “ನಡೀರಿ, ನೋಡ್ಬೇಕು,” ಎಂದು ಕಾಲು ಕೆಳಗಿಟ್ಟಳು.